ಪ್ಯಾನೆಲ್ ಲೈನ್ ಕೊರೆಯಲು ಕೊನೆಗೂ ಸಿಕ್ಕ ಟೇಪ್

ಹಳೆಯ 1/72 ಅಳತೆಯ (ನಿಜವಾದದ್ದರ 72ನೇ ಒಂದು ಪಾಲು) ಪ್ಲಾಸ್ಟಿಕ್ ಮಾದರಿ ವಿಮಾನದ ಕಿಟ್ ಒಂದನ್ನು ಕೈಗೆತ್ತಿಕೊಂಡಿದ್ದೆ. ಅದರ ಪ್ಯಾನೆಲ್ ಲೈನ್‌ಗಳೆಲ್ಲ (ವಿಮಾನದ ಮೈಯ ತಗಡುಗಳು ಕೂಡುವ ಸಂದನ್ನು ತೋರಿಸುವ ಗೆರೆಗಳು) ಉಬ್ಬಿಕೊಂಡಿದ್ದವು. ಉಜ್ಜಿ ತೆಗೆದು ಹೊಸದಾಗಿ ಕೊರೆಯಬೇಕಿತ್ತು. ಒಳ್ಳೆಯ ಸ್ಕ್ರೈಬರ್ (ಗೆರೆ ಕೊರೆಯುವ ಸೂಜಿಯಂಥ ಉಪಕರಣ) ಇದ್ದರೆ ಸಾಕು ಅಂದುಕೊಂಡಿದ್ದೆ, ಆದರೆ ಗೆರೆ ನೇರ ಬರುವುದು ಸೂಜಿಗಿಂತ ಅದಕ್ಕೆ ಆಸರೆ ಕೊಡುವ ಟೇಪನ್ನೇ ಜಾಸ್ತಿ ನಂಬಿಕೊಂಡಿದೆ ಅಂತ ರೆಕ್ಕೆಯ ಮೊದಲ ಗೆರೆಯಲ್ಲೇ ಗೊತ್ತಾಯಿತು.

ಮೊದಲು ಬಳಸಿದ್ದು ತಮಿಯಾ ಮಾಸ್ಕಿಂಗ್ ಟೇಪ್. ಬಣ್ಣ ಹೊಡೆಯುವಾಗ ಅದಕ್ಕೆ ಸಾಟಿ ಇಲ್ಲ, ಆದರೆ ಅದು ತೆಳು ಕಾಗದ, ಅಲ್ವಾ? ಮೊನೆ ಅಂಚಿನೊಳಗೇ ನುಗ್ಗಿಬಿಡುತ್ತದೆ. ನಾಲ್ಕೈದು ಪದರ ಹಾಕಿದರೂ ಅಂಚು ಮೆತ್ತಗೇ ಇರುತ್ತದೆ. ವೈರಿಗೆ ಸುತ್ತುವ ಕರಿ ಟೇಪ್ ಅಂತೂ ಎಳೆದ ಹಾಗೆ ಹಿಗ್ಗಿ, ಅಂಟಿಸಿದ ಮೇಲೆ ಮೆಲ್ಲಗೆ ಸರಿದು ಗೆರೆಯನ್ನೇ ಸೊಟ್ಟ ಮಾಡುತ್ತದೆ.

ಆಮೇಲೆ ಹಿಡಿದದ್ದು ಡೈಮೊ ಲೇಬಲ್ ಟೇಪ್. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅದೇ ಹೆಸರಿನಲ್ಲಿ ಎರಡು ಬಗೆ ಸಿಗುತ್ತವೆ. ನಮಗೆ ಬೇಕಾದ್ದು ಅಕ್ಷರ ಒತ್ತಿ ಉಬ್ಬಿಸುವ ಹಳೆಯ ಥರದ ದಪ್ಪ ವಿನೈಲ್ ಟೇಪ್. ಶಾಖದಿಂದ ಅಕ್ಷರ ಮೂಡಿಸುವ ಪ್ರಿಂಟರಿನ ಟೇಪ್ ತೆಳ್ಳಗಿರುತ್ತದೆ, ಈ ಕೆಲಸಕ್ಕೆ ಬರುವುದಿಲ್ಲ. ನಾನು ಮೊದಲು ತಂದದ್ದು ಅದನ್ನೇ, ಸುಮ್ನೆ ದಂಡವಾಯಿತು.

ಸರಿಯಾದ ಟೇಪ್ ಸಿಕ್ಕಿದ ಮೇಲೆ ಖುಷಿಯೇ ಬೇರೆ. 9 ಮಿಮೀ ಅಗಲದ್ದು ನನಗೆ ಹಿಡಿಸಿತು. ಅಂಚು ಗಟ್ಟಿ. ಮೊನೆ ಅದಕ್ಕೆ ಒರಗಿಕೊಂಡು ಜಾರುತ್ತದೆ. ಮೊದಲ ಎರಡು ಸಲ ಒತ್ತದೆ, ಸ್ಕ್ರೈಬರಿನ ಭಾರದಲ್ಲೇ ಎಳೆಯಿರಿ. ಹಾದಿ ಬಿದ್ದ ಮೇಲೆ ಇನ್ನು ನಾಲ್ಕೈದು ಸಲ ಎಳೆದರೆ ಸಾಕು. ಜಾಸ್ತಿ ಕೊರೆಯುವ ಆಸೆ ಬೇಡ: 1/72 ಅಳತೆಯಲ್ಲಿ 0.15 ಮಿಮೀ ಗೆರೆ ಅಂದರೆ ನಿಜವಾದ ವಿಮಾನದಲ್ಲಿ ಹೆಚ್ಚುಕಡಿಮೆ 11 ಮಿಮೀ ಸಂದು, ಅದೇ ಜಾಸ್ತಿ ಆಯಿತು.

ಡೈಮೊ ಸೋಲುವುದು ವಿಮಾನದ ದುಂಡು ಮೈಯಲ್ಲಿ. ಸುತ್ತ ಬಳಸಿ ಅಂಟಿಸಿದರೆ ತುದಿ ಎದ್ದು ನಿಲ್ಲುತ್ತದೆ. ಉದ್ದಕ್ಕೆ ಸೀಳಿ 3 ಮಿಮೀ ಪಟ್ಟಿ ಮಾಡಿಕೊಂಡೆ, ಸ್ವಲ್ಪ ಪರವಾಗಿಲ್ಲ. ಆದರೆ ಎರಡೂ ಕಡೆ ಬಾಗಿದ ಮೂತಿಯ ಹತ್ತಿರ ಅದೂ ಆಗಲಿಲ್ಲ. ಅಲ್ಲಿ ಕೈ ಹಿಡಿದದ್ದು ಇದೇ ಕೆಲಸಕ್ಕೆಂದು ಹೈಕ್ಯೂ ಪಾರ್ಟ್ಸ್ ಮಾಡುವ ಗೈಡ್ ಟೇಪ್. ಡೈಮೊಗಿಂತ ಮೆತ್ತಗೆ, ಮಾಸ್ಕಿಂಗ್ ಟೇಪಿಗಿಂತ ಎಷ್ಟೋ ಗಟ್ಟಿ. 3 ಮಿಮೀ ಅಗಲದ್ದು ಬಾಗಿದ ಮೈಗೆ ಹೊಂದಿಕೊಂಡು ಕೂರುತ್ತದೆ. ಉದ್ದನೆಯ ನೇರ ಗೆರೆಗೆ ಮಾತ್ರ ನಾನು ಈಗಲೂ ಡೈಮೊವನ್ನೇ ಹಿಡಿಯುತ್ತೇನೆ, ಯಾಕೆಂದರೆ ಮೆತ್ತನೆಯ ಟೇಪನ್ನು ಅಂಟಿಸುವಾಗಲೇ ಕೈ ಸ್ವಲ್ಪ ಓರೆಯಾದರೆ ಟೇಪೂ ಓರೆಯಾಗುತ್ತದೆ.

ಡೈಮೊ ಅಂಟು ಜೋರು, ಬಣ್ಣ ಹೊಡೆದ ಮೇಲೆ ಅಂಟಿಸಿದರೆ ಬಣ್ಣ ಎದ್ದು ಬರಬಹುದು. ಬರೀ ಪ್ಲಾಸ್ಟಿಕ್ ಇರುವಾಗಲೇ ಕೊರೆದು ಮುಗಿಸಿ. ಅಂಟಿಸುವ ಮೊದಲು ಅಂಗೈಗೆ ಒಂದೆರಡು ಸಲ ಒತ್ತಿ ತೆಗೆದರೆ ಜೋರು ಇಳಿಯುತ್ತದೆ. ತೀರಾ ಹಳೆಯ ರೋಲ್ ಆದರೆ ಅಂಟು ಒಣಗಿರುತ್ತದೆ, ಗೆರೆಯ ನಡುವೆಯೇ ಟೇಪ್ ಕಳಚಿಕೊಳ್ಳುತ್ತದೆ. ತಂದ ತಕ್ಷಣ ಒಂದು ತುಂಡು ಬೇಡದ ಪ್ಲಾಸ್ಟಿಕ್ ಮೇಲೆ ಅಂಟಿಸಿ ಎಳೆದು ನೋಡಿ.