ಹನ್ನೊಂದು ಶಾಲೆಗಳು, ಒಂದು ಅಂಗಳ: ನಮ್ಮ ಕ್ಲಸ್ಟರಿನ ಪ್ರತಿಭಾ ಕಾರಂಜಿ

ಊಟ ಮಾಡಿದ ಹೋಟೆಲಿನ ಬಗ್ಗೆ, ಕೊಂಡ ಮಿಕ್ಸರಿನ ಬಗ್ಗೆ ನಾವು ಮರೆಯದೆ ಅಭಿಪ್ರಾಯ ಬರೆಯುತ್ತೇವೆ. ನಮ್ಮ ಮಕ್ಕಳಿಗಾಗಿ ಸರ್ಕಾರ ಮತ್ತು ಊರು ಸೇರಿ ಒದಗಿಸುವ ಸೇವೆಯ ಬಗ್ಗೆ ಬರೆಯುವವರು ವಿರಳ. ಈ ವರ್ಷ ಮಲೆನಾಡಿನ ನಮ್ಮ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದ ಪ್ರತಿಭಾ ಕಾರಂಜಿ ನಡೆಯಿತು. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾಗಿ ಅದರ ಸಿದ್ಧತೆಯಲ್ಲಿ ಓಡಾಡಿದ್ದೇನೆ, ತಂದೆಯಾಗಿ ಬೆಂಚಿನ ಮೇಲೆ ಕುಳಿತು ಇಡೀ ದಿನ ನೋಡಿದ್ದೇನೆ. ಎರಡೂ ಕಡೆಯಿಂದ ಕಂಡದ್ದನ್ನು ಬರೆಯುತ್ತಿದ್ದೇನೆ.

ಹೊರ ಊರಿನ ಓದುಗರಿಗಾಗಿ ಒಂದು ಮಾತು. ಪ್ರತಿಭಾ ಕಾರಂಜಿಯು ಶಾಲಾ ಶಿಕ್ಷಣ ಇಲಾಖೆ ನಡೆಸುವ ಸಾಂಸ್ಕೃತಿಕ ಸ್ಪರ್ಧೆಗಳ ಸರಣಿ. ಕ್ಲಸ್ಟರಿನಲ್ಲಿ ಪ್ರಥಮ ಬಂದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಮುಂದೆ ರಾಜ್ಯ ಮಟ್ಟಕ್ಕೆ ಹೋಗುತ್ತಾರೆ. ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಶಾಲೆಗಳ ಮಕ್ಕಳೂ ಒಂದೇ ವೇದಿಕೆ ಏರುತ್ತಾರೆ. ಕಂಠಪಾಠ, ಅಭಿನಯ ಗೀತೆ, ಕಥೆ ಹೇಳುವುದು, ಛದ್ಮವೇಷ, ಆಶುಭಾಷಣ, ಮಣ್ಣಿನ ಮಾದರಿ, ಜೊತೆಗೆ ಸಂಸ್ಕೃತ ಮತ್ತು ಅರೇಬಿಕ್ ಧಾರ್ಮಿಕ ಪಠಣ ಇವೆಲ್ಲ ಅದರಲ್ಲಿ ಸೇರಿವೆ.

ಮೊದಲು ವ್ಯವಸ್ಥೆಯ ಮಾತು. ಹನ್ನೊಂದು ಶಾಲೆಗಳಿಂದ ಮಕ್ಕಳು, ಅವರ ಹಿಂದೆ ಶಿಕ್ಷಕರು ಮತ್ತು ಪೋಷಕರು ಬರುವಾಗ ಒಂದು ಹಳ್ಳಿ ಶಾಲೆಯ ಕೈಯಲ್ಲಿರುವ ಹಣ ಯಾವ ಮೂಲೆಗೂ ಸಾಲುವುದಿಲ್ಲ. ಇದನ್ನು ತುಂಬಿಕೊಟ್ಟದ್ದು ಊರು. ಹಿಂದಿನ ಸಂಜೆಯೇ ಮನೆಮನೆಯಿಂದ ತೆಂಗಿನಕಾಯಿ, ಅಕ್ಕಿ, ಬೆಲ್ಲ, ಬಾಳೆಲೆಗಳ ಹೊರೆಕಾಣಿಕೆ ಶಾಲೆಯ ಜಗಲಿಗೆ ಬಂತು. ಹಳೆಯ ವಿದ್ಯಾರ್ಥಿಗಳು ಅಂಗಳಕ್ಕೆ ತಗಡಿನ ಚಪ್ಪರ ಹಾಕಿಸಿದರು. ಮಳೆ ಬಿಡದ ಆ ದಿನ ಚಪ್ಪರವಿಲ್ಲದಿದ್ದರೆ ಕಾರ್ಯಕ್ರಮವೇ ನಿಲ್ಲುತ್ತಿತ್ತು. ಯುವಕ ಸಂಘದವರು ಮೈಕ್ ಸೆಟ್ ತಂದರು. ಬಿಸಿಯೂಟದ ಅಡುಗೆಯವರ ಜೊತೆಗೆ ಸ್ತ್ರೀಶಕ್ತಿ ಸಂಘದ ಮಹಿಳೆಯರು ಬೆಳಗಿನ ಜಾವ ನಾಲ್ಕಕ್ಕೇ ಒಲೆ ಹಚ್ಚಿದ್ದರು. ಅನ್ನ, ಸಾಂಬಾರು, ಪಲ್ಯ, ಶ್ಯಾವಿಗೆ ಪಾಯಸ ಎಲ್ಲವೂ ಕೊನೆಯ ಪಂಕ್ತಿಯವರೆಗೆ ಬಿಸಿಯಾಗಿಯೇ ಬಡಿಸಲ್ಪಟ್ಟವು; ಜೊತೆಗೆ ಮಜ್ಜಿಗೆಯೂ ಇತ್ತು. ಊಟದ ವಿಷಯದಲ್ಲಿ ನನ್ನ ಬಳಿ ಒಂದೂ ದೂರಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಗಳಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಹೇಳುತ್ತದೆ. ಸಹಿ ಹಾಕುವ ಸಭೆಗಳಲ್ಲಿ ಈ ನಿಯಮದ ಬೆಲೆ ನನಗೆ ಅಷ್ಟಾಗಿ ತಿಳಿದಿರಲಿಲ್ಲ. ಯಾವ ಕೊಠಡಿಯಲ್ಲಿ ಯಾವ ಸ್ಪರ್ಧೆ, ದೂರದ ಹೆಣ್ಣುಮಕ್ಕಳು ವೇಷ ಬದಲಿಸಲು ಎಲ್ಲಿಗೆ ಹೋಗಬೇಕು, ಶೌಚಾಲಯದ ಬಳಿ ಯಾರು ನಿಲ್ಲಬೇಕು ಎಂಬುದನ್ನೆಲ್ಲ ನಮ್ಮ ಸಮಿತಿಯ ತಾಯಂದಿರು ವಾರದ ಮೊದಲೇ ಯೋಚಿಸಿ ಹಾಳೆಯಲ್ಲಿ ಬರೆದು ತಂದಾಗ ತಿಳಿಯಿತು.

ನಾನು ಹೆಚ್ಚು ಹೊತ್ತು ಕಳೆದದ್ದು ಮಣ್ಣಿನ ಮಾದರಿಯ ಕೊಠಡಿಯಲ್ಲಿ. ಹನ್ನೊಂದೇ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಯೊಂದರಿಂದ ಬಂದಿದ್ದ ಹುಡುಗನೊಬ್ಬ ಹುತ್ತದ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಉಳಿದವರು ಗಣಪತಿ, ಹಣ್ಣಿನ ಬುಟ್ಟಿ ಮಾಡುತ್ತಿದ್ದರೆ ಅವನು ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸನ್ನು ಮಾಡುತ್ತಿದ್ದ. ಅರ್ಧ ಕೆಲಸವಾದಾಗ ಹೆಂಗಸಿನ ಬಲಗೈ ಮುರಿದು ಬಿತ್ತು. ಹುಡುಗ ಯಾರ ಕಡೆಗೂ ನೋಡದೆ, ಬೆರಳನ್ನು ನೀರಿಗೆ ಅದ್ದಿ, ಭುಜಕ್ಕೂ ತೋಳಿಗೂ ತೆಳುವಾಗಿ ಮಣ್ಣು ಸವರಿ, ಒಂದು ಕಡ್ಡಿಯನ್ನು ಒಳಗೆ ತೂರಿಸಿ ಕೈಯನ್ನು ಮತ್ತೆ ನಿಲ್ಲಿಸಿದ. ಸುಲಿದ ಅಡಿಕೆಯನ್ನು ಸಿಪ್ಪೆಯಿಂದ ಬೇರೆ ರಾಶಿ ಹಾಕಿದ್ದನ್ನೂ ಅವನು ಮರೆತಿರಲಿಲ್ಲ. ಅವನಿಗೆ ದ್ವಿತೀಯ ಸ್ಥಾನ ಬಂತು.

ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ಅವನಿಗೆ ದ್ವಿತೀಯ ಸ್ಥಾನ ಏಕೆ ಬಂತು ಎಂದು ಯಾರೂ ಅವನಿಗೆ ಹೇಳಲಿಲ್ಲ. ತೀರ್ಪುಗಾರರು ಅಂಕಪಟ್ಟಿಯನ್ನು ಮಡಚಿ ಒಳಗೆ ಕೊಟ್ಟರು, ಸಂಜೆ ಮೈಕಿನಲ್ಲಿ ಹೆಸರುಗಳು ಕೇಳಿಬಂದವು, ಅಷ್ಟಕ್ಕೆ ಮುಗಿಯಿತು. ತೀರ್ಪಿನಲ್ಲಿ ಪಕ್ಷಪಾತವಿತ್ತು ಎಂದು ನಾನು ಹೇಳುತ್ತಿಲ್ಲ; ನನ್ನ ಕಣ್ಣಿಗೆ ಅಂಥದ್ದೇನೂ ಕಂಡಿಲ್ಲ. ಆದರೆ ವಿಷಯ, ಕೌಶಲ, ಪ್ರಸ್ತುತಿ ಎಂದು ಅಂಕಗಳನ್ನು ಬಿಡಿಬಿಡಿಯಾಗಿ ಬರೆದು ಗೋಡೆಗೆ ಅಂಟಿಸಿ, ಪ್ರತಿ ಮಗುವಿಗೂ ಬಾಯಿಮಾತಿನಲ್ಲಿ ಎರಡು ವಾಕ್ಯ ಹೇಳಿದ್ದರೆ, ಸೋತು ಹೋದ ಮಗುವೂ ಕಲಿತು ಹೋಗುತ್ತಿತ್ತು. ಇದಕ್ಕೆ ಹಣ ಬೇಡ, ಒಂದು ಗಂಟೆ ಸಮಯ ಸಾಕು.

ಆ ಒಂದು ಗಂಟೆಯನ್ನು ವೇದಿಕೆಯ ಭಾಷಣಗಳಿಂದ ಉಳಿಸಬಹುದಿತ್ತು. ಹತ್ತಕ್ಕೆ ಆರಂಭವಾಗಬೇಕಿದ್ದ ಸ್ಪರ್ಧೆಗಳು ಹನ್ನೊಂದೂವರೆ ದಾಟಿದ ಮೇಲೆ ಶುರುವಾದವು. ಮುಖಕ್ಕೆ ಬಣ್ಣ ಹಚ್ಚಿಕೊಂಡು ಬೆಳಗಿನಿಂದ ಕಾದಿದ್ದ ಒಂದನೇ ತರಗತಿಯ ಮಕ್ಕಳು ಛದ್ಮವೇಷದ ಸರದಿ ಬರುವಷ್ಟರಲ್ಲಿ ಅಮ್ಮಂದಿರ ಮಡಿಲಲ್ಲಿ ನಿದ್ದೆ ಹೋಗಿದ್ದರು.

ಛದ್ಮವೇಷಕ್ಕೆ ಪೇಟೆಯಿಂದ ಬಾಡಿಗೆಗೆ ತಂದ ಉಡುಪುಗಳೇ ಹೆಚ್ಚಾಗಿದ್ದವು. ಹಾಳೆಟೊಪ್ಪಿ, ಕಂಬಳಿಕೊಪ್ಪೆ ಹಾಕಿ ನಾಟಿಯ ಹೆಣ್ಣಾಗಿ ಬಂದ ಮಗುವಿಗೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಬಾಡಿಗೆ ಉಡುಪಿಗೆ ಪ್ರತ್ಯೇಕ ಅಂಕವಿಲ್ಲ ಎಂದು ಶಾಲೆಗಳು ಮೊದಲೇ ಪೋಷಕರಿಗೆ ತಿಳಿಸಿದರೆ ಕೂಲಿ ಮಾಡುವ ತಾಯಂದಿರ ಎಷ್ಟೋ ಆತಂಕ ಕಡಿಮೆಯಾಗುತ್ತದೆ.

ಸಣ್ಣ ಶಾಲೆಗಳ ಕಷ್ಟ ಬೇರೆಯೇ ಇದೆ. ಒಬ್ಬರೇ ಶಿಕ್ಷಕರಿರುವ ಶಾಲೆಯಿಂದ ನಾಲ್ಕು ಮಕ್ಕಳನ್ನು ಸ್ಪರ್ಧೆಗೆ ಕರೆತಂದರೆ ಉಳಿದ ಮಕ್ಕಳಿಗೆ ಅಂದು ಪಾಠವಿಲ್ಲ. ಎಲ್ಲರನ್ನೂ ಕರೆತರಲು ವಾಹನವಿಲ್ಲ. ಈ ಬಾರಿ ನಮ್ಮೂರಿನ ಜೀಪಿನವರು ಬಾಡಿಗೆ ಪಡೆಯದೆ ಎರಡು ಸಲ ಹೋಗಿ ಆ ಹುಡುಗನ ಶಾಲೆಯ ಹನ್ನೊಂದು ಮಕ್ಕಳನ್ನೂ ಅವರ ಮೇಡಮ್ಮನ್ನೂ ಕರೆತಂದರು. ಇದನ್ನು ಒಬ್ಬರ ಔದಾರ್ಯಕ್ಕೆ ಬಿಡದೆ ಆತಿಥ್ಯ ವಹಿಸುವ ಊರಿನ ಸಮಿತಿಯೇ ಮೊದಲ ಸಿದ್ಧತಾ ಸಭೆಯಲ್ಲಿ ನಿಗದಿಪಡಿಸಬೇಕು.

ಮಕ್ಕಳನ್ನು ಕಳುಹಿಸಲು ಹಿಂಜರಿಯುವ ಪೋಷಕರಿಗೆ ನನ್ನ ಸಲಹೆ ಸ್ಪಷ್ಟವಾಗಿದೆ: ಕಳುಹಿಸಿ, ಸಾಧ್ಯವಾದರೆ ನೀವೂ ಜೊತೆಗೆ ಬಂದು ಮಧ್ಯಾಹ್ನದವರೆಗಾದರೂ ಕುಳಿತುಕೊಳ್ಳಿ. ಸಣ್ಣ ಮಕ್ಕಳ ಬಣ್ಣವನ್ನು ಶಾಲೆಗೆ ಬಂದ ಮೇಲೆಯೇ ಹಚ್ಚಿ. ಅಂಕಪಟ್ಟಿಯನ್ನು ಗೋಡೆಗೆ ಅಂಟಿಸುವ ವಿಷಯವನ್ನು ನಾನು ನಮ್ಮ ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆಸಿದ್ದೇನೆ. ಮುಂದಿನ ವರ್ಷ ಆತಿಥ್ಯ ವಹಿಸಲಿರುವ ಪಕ್ಕದ ಊರಿನ ಸಮಿತಿಗೆ ಅದರ ಪ್ರತಿಯನ್ನು ಕೊಟ್ಟಿದ್ದೇವೆ. ಅಡಿಕೆ ಸುಲಿಯುವ ಹೆಂಗಸು ಈಗ ನಮ್ಮ ಶಾಲೆಯ ಕಪಾಟಿನಲ್ಲಿದ್ದಾಳೆ. ಪೂರ್ತಿ ಒಣಗಿದ ಮೇಲೆ ಬಂದು ಕೊಂಡೊಯ್ಯುತ್ತೇನೆ ಎಂದು ಹುಡುಗ ಹೇಳಿ ಹೋಗಿದ್ದಾನೆ.