ಫೌಂಟನ್ ಫುಟ್‌ಪಾತಿನಲ್ಲಿ ಸಿಕ್ಕ ಇಂಗ್ಲಿಷ್ ಪದಗಳ ಡಬ್ಬಿ

ಮಗಳ ಒಂಬತ್ತನೇ ಕ್ಲಾಸಿನ ಗೈಡ್ ಹುಡುಕಿಕೊಂಡು ಮುಂಬೈನ ಫ್ಲೋರಾ ಫೌಂಟನ್ ಹತ್ತಿರದ ಫುಟ್‌ಪಾತ್ ಪುಸ್ತಕದಂಗಡಿಗೆ ಹೋಗಿದ್ದೆ. ಗೈಡ್ ಸಿಗಲಿಲ್ಲ, ಈ ಹಳೇ ಡಬ್ಬಿ ಸಿಕ್ಕಿತು. ಒಳಗೆ ನೂರು ಕಾರ್ಡು. ಮುಂದೆ ಒಂದು ಅಪರೂಪದ ಇಂಗ್ಲಿಷ್ ಪದ, ಹಿಂದೆ ಅದರ ಅರ್ಥ ಮತ್ತು ಹುಟ್ಟಿದ ಕಥೆ. 180 ಹೇಳಿದರು, 120 ರೂಪಾಯಿಗೆ ಕೊಟ್ಟರು. ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ಒಂದು ಕೈಯಲ್ಲಿ ಹಿಡಿದು ಓದಬಹುದು.

ಮೊದಲು ಕೈಗೆ ಬಂದದ್ದು ಪೆಟ್ರಿಕೋರ್. ಒಣ ನೆಲಕ್ಕೆ ಮೊದಲ ಮಳೆ ಬಿದ್ದಾಗ ಏಳುತ್ತಲ್ಲ, ಆ ಘಮ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಇಟ್ಟ ಹೆಸರು. ಗ್ರೀಕಿನಲ್ಲಿ ಪೆಟ್ರಾ ಅಂದ್ರೆ ಕಲ್ಲು, ಇಕೋರ್ ಅಂದ್ರೆ ಅಲ್ಲಿನ ದೇವತೆಗಳ ಮೈಯಲ್ಲಿ ರಕ್ತದ ಬದಲು ಹರಿಯುವ ರಸ. ಓದಿ ಮೈ ಜುಂ ಅಂತು. ಇನ್ನೊಂದರಲ್ಲಿ ಅರೆಕಾ. ಮಲಯಾಳದ ಅಡಕ್ಕ ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷಿಗೆ ಹೋಗಿದೆ, ನಮ್ಮ ಅಡಿಕೆಗೆ ಅದು ಅಕ್ಕನೋ ತಂಗಿಯೋ ಆಗಬೇಕು. ಶಿರಸಿಯಲ್ಲಿ ಅಡಿಕೆ ಸುಲಿದೇ ಬೆಳೆದ ನಮ್ಮಮ್ಮ ಆ ಕಾರ್ಡನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿಸಿಕೊಂಡರು, ಆಮೇಲೆ ಎಲೆಡಬ್ಬಿಯಲ್ಲೇ ಇಟ್ಟುಕೊಂಡರು.

ಆದರೆ ಎರಡು ದೊಡ್ಡ ಕೊರತೆ ಇವೆ. ಉಚ್ಚಾರ ಎಲ್ಲೂ ಕೊಟ್ಟಿಲ್ಲ. ಮಗಳು ಪೆಟ್ರಿಚೋರ್ ಅಂತ ಓದಿದಳು, ಅವಳ ತಮ್ಮ ಯಾವ ಚೋರ್ ಅಂತ ದಿನವಿಡೀ ಕಾಡಿಸಿದ. ಅದಾದರೂ ಪರವಾಗಿಲ್ಲ. ಯಾವ ಪದ ಇವತ್ತಿಗೂ ಬಳಕೆಯಲ್ಲಿದೆ, ಯಾವುದು ಎಂದೋ ಬಿಟ್ಟುಹೋಗಿದೆ ಅಂತ ಹೇಳದೇ ಇರೋದು ಮಾತ್ರ ನಿಜಕ್ಕೂ ತಪ್ಪು. ಓವರ್‌ಮಾರೋ ಅಂದ್ರೆ ನಾಡಿದ್ದು. ನಾವು ಮನೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತಿಗೆ ಇಂಗ್ಲಿಷಲ್ಲೂ ಒಂದೇ ಪದ ಇದೆಯಲ್ಲ ಅಂತ ಮಗಳಿಗೆ ಎಷ್ಟು ಖುಷಿ! ಪ್ರಬಂಧದಲ್ಲಿ ಬರೆದಳು. ಟೀಚರ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಅರ್ಧ ಮಾರ್ಕು ಕಳೆದರು. ಆ ಪದ ಬಳಕೆ ತಪ್ಪಿ ಎಷ್ಟೋ ಕಾಲವಾಗಿದೆ ಅಂತ ಕಾರ್ಡಿನಲ್ಲಿ ಒಂದು ಸಾಲು ಇದ್ದಿದ್ದರೆ ಮಗು ಸುಮ್ನೆ ಅಳುವುದು ತಪ್ಪುತ್ತಿತ್ತು.

ಅಷ್ಟಾದರೂ 120 ರೂಪಾಯಿಗೆ ಮೋಸವಿಲ್ಲ. ದೊಡ್ಡ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಹಳೇ ಪದಗಳ ಮೂಲೆಗೆ ಪೆನ್ಸಿಲಲ್ಲಿ ಗುರುತು ಹಾಕಿ, ಆಮೇಲೆ ಮಕ್ಕಳ ಕೈಗೆ ಕೊಡಿ. ಮಳೆಗಾಲದಲ್ಲಿ ಹೋಗುವವರು ಬೆಳಿಗ್ಗೆಯೇ ಹೋಗಿ, ನಾಲ್ಕು ಹನಿ ಬಿದ್ದರೂ ಪ್ಲಾಸ್ಟಿಕ್ ಹೊದಿಸಿಬಿಡುತ್ತಾರೆ.