ಮೂರು ತಲೆಮಾರಿಗೆ ಒಂದೇ ಅಳತೆಗೋಲು: ಮನೆಗೆ ಬಂದು ಮಾಡಿದ ‘ರೋಗನಿರೋಧಕ ಶಕ್ತಿ’ ತಪಾಸಣೆ

ಆ ರಾತ್ರಿ ಮಗಳು ಅತ್ತಳು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮೂರು ವರ್ಷ ಎರಡು ತಿಂಗಳ ನನ್ನ ಮೊಮ್ಮಗನ ವರದಿಯ ಮೊದಲ ಪುಟದಲ್ಲೇ ‘ರೋಗನಿರೋಧಕ ಅಂಕ 54, ದುರ್ಬಲ’ ಎಂದು ಕೆಂಪು ಅಕ್ಷರದಲ್ಲಿ ಅಚ್ಚಾಗಿತ್ತು. ಎಂಟು ತಿಂಗಳಿಗೇ ಎದೆಹಾಲು ಬಿಡಿಸಿ ಕೆಲಸಕ್ಕೆ ಹೋದದ್ದೇ ಕಾರಣ ಎಂದು ಅವಳು ತನ್ನನ್ನೇ ಹಳಿದುಕೊಂಡಳು. ಅದೇ ದಿನ, ಅದೇ ಪ್ರಯೋಗಾಲಯದಿಂದ, 84 ವರ್ಷದ ನನ್ನ ಅತ್ತೆಗೆ ಬಂದ ಅಂಕ 81, ‘ಉತ್ತಮ’. ಮಗು ಆರೋಗ್ಯವಾಗಿದೆ, ಜೋಪಾನ ಮಾಡಬೇಕಾದವರು ಅತ್ತೆ. ವರದಿ ಎರಡನ್ನೂ ತಲೆಕೆಳಗು ಮಾಡಿ ಹೇಳಿತ್ತು.

ಪ್ರಯೋಗಾಲಯದ ಹೆಸರು ಬರೆಯುವುದಿಲ್ಲ. ಇಂಥ ‘ಕುಟುಂಬ ಪ್ಯಾಕೇಜ್’ಗಳ ಜಾಹೀರಾತು ಈಗ ಬೆಂಗಳೂರಿನಲ್ಲಿ ಎಲ್ಲೆಲ್ಲೂ ಇದೆ. ನನ್ನ ಮಾತು ಈ ಬಗೆಯ ಸೇವೆಯ ಬಗ್ಗೆ.

ನಾವಿರುವುದು ಹನುಮಂತನಗರದಲ್ಲಿ. ಪಿಯು ಕಾಲೇಜಿನಲ್ಲಿ 27 ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತಳಾಗಿದ್ದೇನೆ. ಮೊಮ್ಮಗ ಜೂನ್‌ನಲ್ಲಿ ನರ್ಸರಿಗೆ ಸೇರಿದ. ಸೆಪ್ಟೆಂಬರ್ ಮುಗಿಯುವುದರೊಳಗೆ ನಾಲ್ಕು ಬಾರಿ ನೆಗಡಿ, ಎರಡು ಬಾರಿ ಜ್ವರ. ಮಳೆ, ತಂಡಿ, ಒಂದೇ ಕೋಣೆಯಲ್ಲಿ ಇಪ್ಪತ್ತು ಮಕ್ಕಳು. ಶಾಲೆಗೆ ಹೊಸದಾಗಿ ಹೋಗುವ ಮಗುವಿಗೆ ವರ್ಷಕ್ಕೆ ಆರೆಂಟು ಬಾರಿ ನೆಗಡಿಯಾಗುವುದು ಸಹಜ ಎಂದು ನಾನು ಹೇಳಿದರೂ ಮಗಳ ಮನಸ್ಸಿಗೆ ಸಮಾಧಾನವಿರಲಿಲ್ಲ. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಹಾಕಿದ ಜಾಹೀರಾತು ನೋಡಿ ಮೂವರಿಗೆ 7,500 ರೂಪಾಯಿ ಕಟ್ಟಿದಳು: ಮಗುವಿಗೆ, ನನಗೆ, ಅತ್ತೆಗೆ. ‘ಆರು ತಿಂಗಳ ಕೂಸಿನಿಂದ ತೊಂಬತ್ತರ ಅಜ್ಜಿಯವರೆಗೆ ಒಂದೇ ಪ್ಯಾಕೇಜ್’ ಎಂಬ ಸಾಲು ಅದರಲ್ಲಿತ್ತು. ಆಗಲೇ ನಾನು ತಡೆಯಬೇಕಿತ್ತು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಏಕೆಂದರೆ ಅದು ನಿಜವಾಗಿಯೂ ಒಳ್ಳೆಯದಿತ್ತು. ರಕ್ತ ತೆಗೆಯಲು ಬಂದ ಯುವಕ ಹೇಳಿದ ಸಮಯಕ್ಕೆ, ಬೆಳಗ್ಗೆ ಆರೂಮುಕ್ಕಾಲಿಗೆ ಬಂದ. ಕೈ ತೊಳೆದುಕೊಂಡು ಹೊಸ ಕೈಗವಸು ಹಾಕಿಕೊಂಡ. ಅತ್ತೆಯ ನರಗಳು ಕೈಗೆ ಸಿಗುವುದೇ ಕಷ್ಟ. ಕಳೆದ ವರ್ಷ ಆಸ್ಪತ್ರೆಯಲ್ಲಿ ಎರಡೂ ತೋಳು ಕಪ್ಪುಗಟ್ಟಿದ್ದವು. ಈತ ಅವರ ಅಂಗೈಯನ್ನು ಬಿಸಿನೀರಿನ ಬಟ್ಟೆಯಿಂದ ಸುತ್ತಿಸಿ, ಐದು ನಿಮಿಷ ಕಾದು, ಸಣ್ಣ ಸೂಜಿಯಿಂದ ಒಂದೇ ಸಲಕ್ಕೆ ತೆಗೆದ. ಮಗುವಿಗೆಂದು ಪುಟ್ಟ ಕೊಳವೆಗಳನ್ನೇ ತಂದಿದ್ದ, ತೆಗೆದದ್ದೂ ಸ್ವಲ್ಪವೇ. ನೇರಳೆ ಮುಚ್ಚಳದ ಕೊಳವೆ ರಕ್ತಕಣಗಳ ಎಣಿಕೆಗೆ, ಹಳದಿ ಮುಚ್ಚಳದ್ದು ರಕ್ತದ ತಿಳಿಭಾಗವಾದ ಸೀರಮ್‌ಗೆ. ಪ್ರತಿಯೊಂದರ ಮೇಲೂ ಹೆಸರು, ವಯಸ್ಸು ಬರೆದು ನಮ್ಮಿಂದ ಓದಿಸಿ ಖಚಿತಪಡಿಸಿಕೊಂಡ. ಮಗು ಬೆಳಗ್ಗೆಯಿಂದ ಉಪವಾಸವಿದೆ ಎಂದು ತಿಳಿದಾಗ ಅವನಿಗೇ ಬೇಸರವಾಯಿತು. ‘ಈ ಪರೀಕ್ಷೆಗಳಿಗೆ ಉಪವಾಸ ಬೇಕಾಗಿರಲಿಲ್ಲ ಮೇಡಂ, ಹಾಲು ಕೊಡಬಹುದಿತ್ತು’ ಎಂದ. ಸರಿಯಾದ ಮಾತು. ಆದರೆ ಕಂಪನಿಯ ಸಂದೇಶ ಮೂವರಿಗೂ ಹನ್ನೆರಡು ಗಂಟೆ ಉಪವಾಸ ಎಂದಿತ್ತು, ಮೂರು ವರ್ಷದ ಮಗುವಿಗೂ.

ಪರೀಕ್ಷೆಗಳೇನು? ರಕ್ತಕಣಗಳ ಪೂರ್ಣ ಎಣಿಕೆ, ಅಂದರೆ ಸಿಬಿಸಿ. ಐಜಿಜಿ, ಐಜಿಎ, ಐಜಿಎಂ, ಐಜಿಇ ಎಂಬ ನಾಲ್ಕು ಬಗೆಯ ಪ್ರತಿಕಾಯಗಳ, ಅಂದರೆ ಸೋಂಕಿನ ವಿರುದ್ಧ ದೇಹ ಮಾಡಿಕೊಳ್ಳುವ ಪ್ರೋಟೀನ್‌ಗಳ, ಒಟ್ಟು ಪ್ರಮಾಣ. ಉರಿಯೂತವನ್ನು ತೋರಿಸುವ ಸಿಆರ್‌ಪಿ, ವಿಟಮಿನ್ ಡಿ. ಮರುದಿನ ಸಂಜೆ ವರದಿ ಮೊಬೈಲಿಗೆ ಬಂತು.

ಮಗುವಿನ ವರದಿಯಲ್ಲಿ ನಾಲ್ಕು ಕೆಂಪು ಬಾಣಗಳಿದ್ದವು. ಬಿಳಿ ರಕ್ತಕಣಗಳ ಎರಡು ಬಗೆಗಳಲ್ಲಿ ಲಿಂಫೋಸೈಟ್ ಶೇ 56, ‘ಹೆಚ್ಚು’. ನ್ಯೂಟ್ರೋಫಿಲ್ ಶೇ 35, ‘ಕಡಿಮೆ’. ಐಜಿಎ 52, ಐಜಿಜಿ 690, ಎರಡೂ ‘ಕಡಿಮೆ’. ಪಕ್ಕದ ಕಾಲಂನಲ್ಲಿ ‘ಸಾಮಾನ್ಯ ಮಿತಿ’ ಎಂದು ಕೊಟ್ಟಿದ್ದ ಅಂಕಿಗಳನ್ನು ನೋಡಿದ ಕೂಡಲೇ ನನಗೆ ವಿಷಯ ಅರ್ಥವಾಯಿತು. ಲಿಂಫೋಸೈಟ್ 20ರಿಂದ 40, ಐಜಿಜಿ 700ರಿಂದ 1,600. ಇವು ದೊಡ್ಡವರ ಮಿತಿಗಳು. ನನ್ನ ವರದಿ ತೆರೆದೆ, ಅತ್ತೆಯದನ್ನೂ ತೆರೆದೆ. ಮೂರರಲ್ಲೂ ಅದೇ ಕಾಲಂ, ಅವೇ ಅಂಕಿಗಳು. ಕೊಳವೆಯ ಮೇಲೆ ಆ ಯುವಕ ಅಷ್ಟು ಜತನದಿಂದ ಬರೆದ ವಯಸ್ಸನ್ನು ಗಣಕಯಂತ್ರ ನೋಡಿರಲೇ ಇಲ್ಲ.

ಇದು ಸಣ್ಣ ತಪ್ಪಲ್ಲ. ಬಿಳಿ ರಕ್ತಕಣಗಳ ಲೆಕ್ಕ ಮಗುವಿನಲ್ಲಿ ಬೇರೆಯೇ. ಹುಟ್ಟಿದಾಗ ನ್ಯೂಟ್ರೋಫಿಲ್‌ಗಳು ಹೆಚ್ಚಿರುತ್ತವೆ. ಕೆಲವೇ ದಿನಗಳಲ್ಲಿ ಲಿಂಫೋಸೈಟ್‌ಗಳು ಮೇಲಾಗುತ್ತವೆ. ನಾಲ್ಕೈದು ವರ್ಷದ ಹೊತ್ತಿಗೆ ಎರಡೂ ಸರಿಸಮಕ್ಕೆ ಬಂದು, ಆಮೇಲೆ ನ್ಯೂಟ್ರೋಫಿಲ್‌ಗಳದೇ ಬಹುಮತ. ಮೂರು ವರ್ಷದ ಮಗುವಿನಲ್ಲಿ ಲಿಂಫೋಸೈಟ್ ಶೇ 56 ಇದ್ದರೆ ಅದು ಆ ವಯಸ್ಸಿನ ಲಕ್ಷಣ. ಮಗು ಆಗ ಲೋಕದ ಸೂಕ್ಷ್ಮಾಣುಗಳನ್ನು ಮೊದಲ ಬಾರಿಗೆ ಎದುರುಗೊಳ್ಳುತ್ತಿರುತ್ತದೆ. ಗುರುತು ಹಿಡಿದು ನೆನಪಿಟ್ಟುಕೊಳ್ಳುವ ಕೆಲಸ ಈ ಕಣಗಳದೇ.

ಪ್ರತಿಕಾಯಗಳ ಕಥೆ ಇನ್ನೂ ಸೊಗಸಾದದ್ದು. ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ನನ್ನ ದನಿ ಒಂದಿಷ್ಟು ಮೆತ್ತಗಾಗುತ್ತಿತ್ತು. ಬಸುರಿನ ಕೊನೆಯ ಮೂರು ತಿಂಗಳಲ್ಲಿ ತಾಯಿಯ ಐಜಿಜಿ ಮಾಸುಚೀಲವನ್ನು ದಾಟಿ ಕೂಸಿನ ರಕ್ತ ಸೇರುತ್ತದೆ. ಐಜಿಎಂ ಹಾಗೆ ದಾಟುವುದಿಲ್ಲ. ಹುಟ್ಟಿದ ಮೇಲೆ ಗಿಣ್ಣುಹಾಲಿನಲ್ಲಿ, ಎದೆಹಾಲಿನಲ್ಲಿ ಐಜಿಎ ಬಂದು ಮಗುವಿನ ಕರುಳನ್ನು ಕಾಯುತ್ತದೆ. ತಾಯಿ ಕೊಟ್ಟ ಐಜಿಜಿ ಸುಮಾರು ಮೂರು ವಾರಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ; ಮಗುವಿನದು ಇನ್ನೂ ನಿಧಾನವಾಗಿ ತಯಾರಾಗುತ್ತಿರುತ್ತದೆ. ಹಾಗಾಗಿ ಮೂರರಿಂದ ಆರು ತಿಂಗಳ ನಡುವೆ ಎಲ್ಲ ಮಕ್ಕಳಲ್ಲೂ ಅದು ತಳಮಟ್ಟಕ್ಕೆ ಇಳಿಯುತ್ತದೆ. ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ತಾಯಿಯ ಕೊಡುಗೆಯೇ ಕಡಿಮೆ. ಆರು ತಿಂಗಳ ಕೂಸಿನ ರಕ್ತ ತೆಗೆದು ಐಜಿಜಿ ಅಳೆದರೆ ಅದರಲ್ಲಿ ಒಂದು ಪಾಲು ಇನ್ನೂ ತಾಯಿಯದೇ ಇರಬಹುದು. ನಮ್ಮಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸನ್ನು 9 ತಿಂಗಳವರೆಗೆ ಕಾದು ಹಾಕುವುದಕ್ಕೂ ಇದೇ ಕಾರಣ: ತಾಯಿಯ ಪ್ರತಿಕಾಯಗಳು ಉಳಿದಿದ್ದರೆ ಲಸಿಕೆಯ ವೈರಾಣುವನ್ನೇ ಹೊಡೆದುಹಾಕುತ್ತವೆ. ಆಮೇಲೆ ಮಗುವಿನ ಸ್ವಂತ ಐಜಿಜಿ ವರ್ಷ ವರ್ಷವೂ ಏರುತ್ತದೆ. ಐಜಿಎ ಎಲ್ಲಕ್ಕಿಂತ ನಿಧಾನ. ದೊಡ್ಡವರ ಮಟ್ಟ ಮುಟ್ಟುವುದು ಹದಿಹರೆಯದಲ್ಲಿ. ಮೂರು ವರ್ಷಕ್ಕೆ 52 ಇದ್ದರೆ ಅದರ ಪಾಡಿಗೆ ಅದು ಬೆಳೆಯುತ್ತಿದೆ ಎಂದರ್ಥ.

ಮಗಳಿಗೆ ಇದನ್ನೆಲ್ಲ ರಾತ್ರಿ ಹನ್ನೊಂದರವರೆಗೆ ಹೇಳಿದೆ. ಆದರೆ ಕೆಂಪು ಅಕ್ಷರದ ಎದುರು ಅಮ್ಮನ ಮಾತು ಎಷ್ಟು ನಿಲ್ಲುತ್ತದೆ? ಮರುದಿನ ಬೆಳಗ್ಗೆ ಪ್ಯಾಕೇಜಿನ ಭಾಗವಾದ ‘ಉಚಿತ ತಜ್ಞ ಸಲಹೆ’ಯ ಕರೆ ಬಂತು. ಕರೆ ಮಾಡಿದಾಕೆ ಮಗುವಿನ ತೂಕ ಕೇಳಲಿಲ್ಲ, ಯಾವ ಕಾಯಿಲೆ ಬಂದಿತ್ತು, ಎಷ್ಟು ದಿನ ಇತ್ತು ಎಂದೂ ಕೇಳಲಿಲ್ಲ. ಮೂರು ತಿಂಗಳಿಗಾಗುವಷ್ಟು ಸಿರಪ್ ಮತ್ತು ಪುಡಿ, 1,890 ರೂಪಾಯಿ, ಇವತ್ತೇ ಕಳಿಸುತ್ತೇವೆ ಎಂದರು. ಈ ಸೇವೆಯಲ್ಲಿ ನನಗೆ ಅತ್ಯಂತ ನೋವು ಕೊಟ್ಟ ಭಾಗ ಇದು. ಹೆದರಿದ ತಾಯಿಗೆ ಆ ಗಳಿಗೆಯಲ್ಲಿ ಏನನ್ನು ಬೇಕಾದರೂ ಮಾರಬಹುದು.

ಸಿರಪ್ ಬೇಡವೆಂದು ಹೇಳಿ ನಮ್ಮ ಮಕ್ಕಳ ವೈದ್ಯೆಯ ಬಳಿಗೆ ಹೋದೆವು. ಅವರು ವರದಿಯನ್ನು ಪಕ್ಕಕ್ಕಿಟ್ಟು ತಾಯಿ ಕಾರ್ಡ್ ಕೇಳಿದರು. ಮಗುವನ್ನು ತೂಗಿದರು, ಎತ್ತರ ಅಳೆದರು, ಬೆಳವಣಿಗೆಯ ಗೆರೆಯ ಮೇಲೆ ಚುಕ್ಕೆ ಇಟ್ಟರು. ಎಡತೋಳಿನ ಬಿಸಿಜಿ ಕಲೆ ನೋಡಿದರು, ಗಂಟಲು ನೋಡಿದರು. ಆಮೇಲೆ ಒಂದೊಂದೇ ಪ್ರಶ್ನೆ. ವರ್ಷದಲ್ಲಿ ಎರಡು ಬಾರಿ ನ್ಯುಮೋನಿಯಾ ಆಗಿದೆಯೇ? ಕಿವಿ ಸೋರುವುದು ಮತ್ತೆ ಮತ್ತೆ? ಆಳವಾದ ಕೀವುಗುಳ್ಳೆ? ಬಾಯಲ್ಲಿ ಬಿಳಿ ಬೂಷ್ಟು ಹೋಗದೇ ಉಳಿದದ್ದು? ಆ್ಯಂಟಿಬಯಾಟಿಕ್ ಕೊಟ್ಟರೂ ವಾಸಿಯಾಗದೆ ಆಸ್ಪತ್ರೆಯಲ್ಲಿ ನರದ ಮೂಲಕ ಕೊಡಬೇಕಾಯಿತೇ? ಮನೆತನದಲ್ಲಿ ಚಿಕ್ಕಂದಿನಲ್ಲೇ ಸೋಂಕಿನಿಂದ ತೀರಿಕೊಂಡ ಮಕ್ಕಳಿದ್ದಾರೆಯೇ? ಸೋದರಿಕೆಯಲ್ಲಿ ಮದುವೆಯಾಗಿದೆಯೇ? ಕೊನೆಯ ಪ್ರಶ್ನೆಗೆ ಮಗಳು ತಬ್ಬಿಬ್ಬಾದಾಗ, ಹುಟ್ಟಿನಿಂದ ಬರುವ ರೋಗನಿರೋಧಕ ಕೊರತೆಗಳಲ್ಲಿ ಹಲವು, ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಕಾಣಿಸಿಕೊಳ್ಳುತ್ತವೆ, ರಕ್ತಸಂಬಂಧದ ಮದುವೆಯಲ್ಲಿ ಅದರ ಸಾಧ್ಯತೆ ಹೆಚ್ಚು ಎಂದು ವಿವರಿಸಿದರು. ನಮ್ಮ ಉತ್ತರ ಎಲ್ಲಕ್ಕೂ ಇಲ್ಲ.

ಒಂದು ವೇಳೆ ಹೌದು ಎಂದಿದ್ದರೆ? ಆಗ ಇವೇ ಪರೀಕ್ಷೆಗಳು ಮೊದಲ ಮೆಟ್ಟಿಲಾಗುತ್ತಿದ್ದವು, ಆದರೆ ವಯಸ್ಸಿನ ಮಿತಿಯೊಂದಿಗೆ. ಎರಡನೆಯದು, ಹಾಕಿಸಿದ ಲಸಿಕೆಗೆ, ಉದಾಹರಣೆಗೆ ಧನುರ್ವಾಯುವಿಗೆ, ದೇಹ ಪ್ರತಿಕಾಯ ಮಾಡಿದೆಯೇ ಎಂದು ನೋಡುವುದು. ಒಟ್ಟು ಪ್ರಮಾಣ ಎಷ್ಟಿದೆ ಎಂಬುದಕ್ಕಿಂತ ಕೆಲಸ ಮಾಡುತ್ತಿದೆಯೇ ಎಂಬುದು ತಿಳಿಯುವುದು ಅಲ್ಲಿ. ಅದರಾಚೆಗೆ ಫ್ಲೋ ಸೈಟೋಮೆಟ್ರಿ: ಲಿಂಫೋಸೈಟ್‌ಗಳ ಬಗೆಗಳಾದ ಟಿ ಕಣ, ಬಿ ಕಣ, ಎನ್‌ಕೆ ಕಣಗಳನ್ನು ಬೇರೆ ಬೇರೆಯಾಗಿ ಎಣಿಸುವುದು. ಇಷ್ಟರಲ್ಲಿ ಎಲ್ಲಿಯೂ ನೂರಕ್ಕೆ ಇಷ್ಟು ಎಂಬ ಅಂಕವಿಲ್ಲ. ವೈದ್ಯಶಾಸ್ತ್ರದಲ್ಲಿ ಅಂಥ ಅಂಕವನ್ನು ಯಾರೂ ಒಪ್ಪಿಲ್ಲ.

ಅತ್ತೆಯ ‘ಉತ್ತಮ’ ನನ್ನನ್ನು ಇನ್ನೂ ಹೆಚ್ಚು ಕಾಡಿತು. ಏಕೆಂದರೆ ಕೆಂಪು ಅಕ್ಷರ ವೈದ್ಯರ ಬಳಿಗಾದರೂ ಕರೆದೊಯ್ಯುತ್ತದೆ, ಹಸಿರು ಅಕ್ಷರ ಮನೆಯಲ್ಲೇ ಕೂರಿಸುತ್ತದೆ. ಅವರಿಗೆ ಎರಡು ವರ್ಷದ ಹಿಂದೆ ಸೊಂಟದ ಸುತ್ತ ಸರ್ಪಸುತ್ತು ಎದ್ದಿತ್ತು. ಉರಿ ಈಗಲೂ ಪೂರ್ತಿ ಹೋಗಿಲ್ಲ. ಬಾಲ್ಯದಲ್ಲಿ ‘ಅಮ್ಮ’ ಬಂದಾಗ ಹೊಕ್ಕ ವೈರಾಣು ನರಗಳ ಬುಡದಲ್ಲಿ ಎಪ್ಪತ್ತು ವರ್ಷ ಅಡಗಿದ್ದು, ಕಾವಲಿಗಿದ್ದ ಟಿ ಕಣಗಳು ಸೋತಾಗ ಎದ್ದಿತು. ಕಳೆದ ವರ್ಷ ನ್ಯುಮೋನಿಯಾ ಆದಾಗ ಜ್ವರವೇ ಬರಲಿಲ್ಲ. ಊಟ ಬೇಡ ಎಂದರು, ನನ್ನನ್ನು ತೀರಿಹೋದ ತಮ್ಮ ಅಕ್ಕ ಎಂದುಕೊಂಡು ಮಾತನಾಡಿದರು, ಅದೇ ಲಕ್ಷಣ. ಮುಪ್ಪಿನಲ್ಲಿ ದೇಹ ಸೋಂಕನ್ನು ಕೂಗಿ ಹೇಳುವುದಿಲ್ಲ ಎಂದು ಅಂದು ಕಣ್ಣಾರೆ ಕಂಡೆ.

ಟಿ ಕಣಗಳು ತಯಾರಾಗುವ ಪಾಠಶಾಲೆ ಥೈಮಸ್ ಗ್ರಂಥಿ, ಎದೆಮೂಳೆಯ ಹಿಂದೆ ಇರುವಂಥದ್ದು. ಅದರ ಕೆಲಸವೇನೆಂದು ವಿಜ್ಞಾನಿ ಜಾಕ್ ಮಿಲ್ಲರ್ ತೋರಿಸಿಕೊಟ್ಟದ್ದು 1961ರಲ್ಲಿ. ಅಲ್ಲಿಯವರೆಗೆ ಅದನ್ನು ನಿರುಪಯೋಗಿ ಎಂದೇ ಬಗೆದಿದ್ದರು. ಕೂಸಿನ ಎಕ್ಸ್‌ರೇಯಲ್ಲಿ ಹೃದಯದ ಮೇಲ್ಗಡೆ ಅದರ ನೆರಳು ದೊಡ್ಡದಾಗಿ ಕಾಣುತ್ತದೆ. ವಯಸ್ಸಾದಂತೆ ಅದು ಕುಗ್ಗುತ್ತ, ಕೊಬ್ಬಾಗುತ್ತ ಹೋಗುತ್ತದೆ. ಹೊಸ ಟಿ ಕಣಗಳ ಬರವು ಕ್ಷೀಣಿಸುತ್ತದೆ. ಹಳೆಯ ಸೋಂಕುಗಳ ನೆನಪು ಹೊತ್ತ ಕಣಗಳು ಆ ಜಾಗವನ್ನು ತುಂಬಿಕೊಳ್ಳುತ್ತವೆ. ಹಾಗಾಗಿ ಒಟ್ಟು ಎಣಿಕೆ ಚೆನ್ನಾಗಿಯೇ ಕಾಣಬಹುದು, ಐಜಿಜಿ ತುಂಬಿರಬಹುದು, ಅತ್ತೆಗೆ 1,480 ಇತ್ತು. ಆದರೆ ಹೊಸ ಶತ್ರು ಬಂದಾಗ ಏನಾಗುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಮೂವತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಅತ್ತೆಯ ಸೋಂಕಿನ ಅಪಾಯ ತಿಳಿಯಲು ಮೊದಲು ನೋಡಬೇಕಾದ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತೋರಿಸುವ ಎಚ್‌ಬಿಎ1ಸಿ ಈ ಪ್ಯಾಕೇಜಿನಲ್ಲೇ ಇಲ್ಲ. ಲಸಿಕೆ ಹಾಕಿಸಿದ್ದೀರಾ ಎಂದು ಸಲಹೆಯ ಕರೆಯಲ್ಲಿ ಒಮ್ಮೆಯೂ ಕೇಳಲಿಲ್ಲ. ಅತ್ತೆಯ ವೈದ್ಯರು ಫ್ಲೂ ಲಸಿಕೆ ಪ್ರತಿ ವರ್ಷ, ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ ವಿರುದ್ಧದ ನ್ಯುಮೋಕಾಕಲ್ ಲಸಿಕೆ, ಐವತ್ತು ದಾಟಿದವರಿಗೆ ಕೊಡುವ ಸರ್ಪಸುತ್ತಿನ ಲಸಿಕೆಯ ಎರಡು ಡೋಸ್ ಎಂದು ಬರೆದುಕೊಟ್ಟರು. ಕೊನೆಯದು ದುಬಾರಿ. ಆದರೆ ಅತ್ತೆ ಆ ಉರಿಯಲ್ಲಿ ರಾತ್ರಿಯಿಡೀ ಸೀರೆಯ ಅಂಚು ಸೊಂಟಕ್ಕೆ ತಾಕದಂತೆ ಹಿಡಿದು ಕೂತದ್ದನ್ನು ನೋಡಿದವಳು ನಾನು. ಹಣದ ಲೆಕ್ಕ ಹಾಕಲಿಲ್ಲ.

ನನ್ನ ವರದಿಯಲ್ಲಿ ಹೇಳುವಂಥದ್ದೇನಿಲ್ಲ. ಐಜಿಇ ಹೆಚ್ಚಿತ್ತು, ಪಾರ್ಥೇನಿಯಂ ಹೂ ಬಿಟ್ಟಾಗಲೆಲ್ಲ ಸೀನುವ ನನಗೆ ಅದು ಗೊತ್ತಿದ್ದದ್ದೇ.

ದೂರು ಕೊಟ್ಟೆ, ಲಿಖಿತವಾಗಿ, ಮೂರೂ ವರದಿಗಳ ಮಿತಿಯ ಕಾಲಂ ಒಂದೇ ಇರುವುದನ್ನು ತೋರಿಸಿ. ನಾಲ್ಕನೆಯ ದಿನ ಅವರ ರೋಗಶಾಸ್ತ್ರ ತಜ್ಞರೇ ಕರೆ ಮಾಡಿದರು. ತಪ್ಪನ್ನು ನೇರವಾಗಿ ಒಪ್ಪಿಕೊಂಡರು, ಮಗುವಿನ ವರದಿಯನ್ನು ವಯಸ್ಸಿನ ಮಿತಿಗಳೊಂದಿಗೆ ಮತ್ತೆ ಕಳಿಸಿದರು. ನಾಲ್ಕೂ ಬಾಣಗಳು ಹೋಗಿದ್ದವು. ಮೊದಲ ಪುಟದ ಅಂಕ ಮಾತ್ರ ಹಾಗೆಯೇ ಇತ್ತು. ಅದನ್ನು ತೆಗೆಯುವುದು ತಮ್ಮ ಕೈಯಲ್ಲಿಲ್ಲ, ಅದು ಮಾರಾಟ ವಿಭಾಗದ್ದು ಎಂದರು. ಅವರ ಪ್ರಾಮಾಣಿಕತೆಗೆ ಗೌರವವಿದೆ. ಆದರೆ ವೈದ್ಯರು ಒಪ್ಪದ ಅಂಕ ವೈದ್ಯಕೀಯ ವರದಿಯ ಮೇಲೆ ಇರಬಾರದು, ಇದನ್ನೂ ಬರೆದು ಕಳಿಸಿದ್ದೇನೆ. ಉತ್ತರ ಬಂದಿಲ್ಲ.

ರಕ್ತ ತೆಗೆದ ಕೆಲಸಕ್ಕೆ ಐದಕ್ಕೆ ಐದು ಕೊಡುತ್ತೇನೆ, ವರದಿಗೆ ಎರಡು, ಸಲಹೆಯ ಕರೆಗೆ ಒಂದೂ ಇಲ್ಲ. ಮಗುವಿಗೆ ಪರೀಕ್ಷೆ ಮಾಡಿಸುವವರು ಹಣ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ವಯಸ್ಸಿಗೆ ತಕ್ಕ ಮಿತಿಗಳನ್ನು ವರದಿಯಲ್ಲಿ ಕೊಡುತ್ತೀರಾ?

ಅತ್ತೆಯ ಎಚ್‌ಬಿಎ1ಸಿಗಾಗಿ ಅದೇ ಪ್ರಯೋಗಾಲಯಕ್ಕೆ ಮತ್ತೆ ಕರೆ ಮಾಡಿದ್ದೇನೆ. ಪ್ಯಾಕೇಜ್ ಬೇಡ, ಆ ಒಂದೇ ಪರೀಕ್ಷೆ ಸಾಕು, ಕಳೆದ ಬಾರಿ ಬಂದಿದ್ದ ಯುವಕನನ್ನೇ ಕಳಿಸಿ ಎಂದು ಕೇಳಿಕೊಂಡಿದ್ದೇನೆ. ಶುಕ್ರವಾರ ಬೆಳಗ್ಗೆ ಬರುತ್ತಾನಂತೆ.